ಸೇದಿದವರಿಗೆ ಮಾತ್ರ ತೆರೆಯುವ ಕಿಟಕಿ

ಶ್ವಾಸಕೋಶ ತಪಾಸಣಾ ಕೇಂದ್ರದ ಮುಖ್ಯ ಅಧಿಕಾರಿಗಳಲ್ಲಿ,

ಮಾನ್ಯರೇ, ಈಗ ಸಂಜೆ ಆರೂವರೆ. ಇವತ್ತು ಬೆಳಿಗ್ಗೆ ಒಂಬತ್ತರಿಂದ ಹನ್ನೊಂದೂಮುಕ್ಕಾಲರವರೆಗೆ ನಾನೂ ನನ್ನ ತಂಗಿಯೂ ನಿಮ್ಮ ನಾಲ್ಕನೇ ಕಿಟಕಿಯ ಮುಂದೆ ನಿಂತಿದ್ದೆವು. ಇಪ್ಪತ್ತು ವರ್ಷ ಸಿಗರೇಟು ಸೇದಿದವರಿಗೆ ನೀವು ಉಚಿತವಾಗಿ ಸ್ಕ್ಯಾನ್ ಮಾಡುತ್ತೀರಿ. ನಾವು ಸೇದಿದವರಲ್ಲ, ಆದ್ದರಿಂದ ವಾಪಸ್ ಕಳಿಸಿದಿರಿ. ನಮ್ಮ ಅಮ್ಮನೂ ಸೇದಿದವಳಲ್ಲ, ಅಕ್ಕನೂ ಸೇದಿದವಳಲ್ಲ. ಇಬ್ಬರೂ ಶ್ವಾಸಕೋಶದ ಕ್ಯಾನ್ಸರಿನಿಂದಲೇ ಹೋದರು. ಅಕ್ಕ ಹೋಗಿ ಹನ್ನೊಂದು ತಿಂಗಳಾಯಿತು. ಉಳಿದಿರುವುದು ನಾವಿಬ್ಬರೇ.

ಅಕ್ಕನನ್ನು ನೋಡುತ್ತಿದ್ದ ಡಾಕ್ಟರಮ್ಮ ಹೇಳಿದ್ದನ್ನು ಆ ದಿನವೇ ಡೈರಿಯಲ್ಲಿ ಬರೆದುಕೊಂಡಿದ್ದೇನೆ. "ಕೆಲವು ಮನೆಗಳಲ್ಲಿ ಈ ಕಾಯಿಲೆ ಬರೋ ಸಾಧ್ಯತೆ ಹುಟ್ಟಿನಿಂದಲೇ ಜಾಸ್ತಿ ಇರಬಹುದು. ಇದೇ ಕಾರಣ ಅಂತ ಬೆರಳಿಟ್ಟು ಹೇಳೋಕಾಗಲ್ಲ. ಆದ್ರೆ ನೀವಿಬ್ಬರೂ ಒಂದ್ಸಲ ತೋರಿಸ್ಕೊಳ್ಳಿ." ತೋರಿಸಿಕೊಳ್ಳೋಣವೆಂದು ಬಂದರೆ ನಿಮ್ಮ ಫಾರಂ ಎಷ್ಟು ವರ್ಷ, ದಿನಕ್ಕೆ ಎಷ್ಟು, ಬಿಟ್ಟು ಎಷ್ಟು ದಿನ ಎಂದು ಸಿಗರೇಟಿನ ಕುಲಗೋತ್ರವನ್ನೆಲ್ಲ ಕೇಳುತ್ತದೆ. ಮನುಷ್ಯರಿಗೂ ಅಮ್ಮ, ಅಕ್ಕ ಇರುತ್ತಾರೆಂಬುದು ಅದಕ್ಕೆ ಗೊತ್ತಿಲ್ಲ.

ಅಕ್ಕನೂ ನಾನೂ ಪುಸ್ತಕ, ರಿಜಿಸ್ಟರು ಹೊಲಿಯುವ ಅಂಗಡಿಯಲ್ಲಿ ಒಂದೇ ಮೇಜಿನಲ್ಲಿ ಬೈಂಡಿಂಗ್ ಕೆಲಸ ಮಾಡಿದವರು. ಗೋಂದಿನ ವಾಸನೆಯಿಂದ ಬಂದಿರಬೇಕು ಎನ್ನುವಿರೇನೋ. ಅಮ್ಮ ಗೋಂದು ಮುಟ್ಟಿದವಳಲ್ಲ, ಶಾಲೆಯಲ್ಲಿ ಗಂಟೆ ಹೊಡೆಯುತ್ತಿದ್ದಳು. ಅಕ್ಕನನ್ನು ನೋಡಲು ಬಂದ ಸೋದರತ್ತೆ ಬಾಗಿಲು ಹಾಕಿಕೊಂಡು, "ನನ್ನ ಹತ್ರ ಹೇಳೇ, ಯಾರಿಗೂ ಹೇಳಲ್ಲ. ಕದ್ದು ಸೇದ್ತಿದ್ಯಾ?" ಎಂದು ಕೇಳಿದಳು.

"ಹೂಂ ಅತ್ತೆ, ನೀವು ಬಂದುಹೋದಾಗೆಲ್ಲ ಒಂದೊಂದು," ಅಂದಳು ಅಕ್ಕ. ನಗಲು ಹೋಗಿ ಕೆಮ್ಮಿದಳು. ಅತ್ತೆ ಹೊರಗೆ ಬಂದು ಅದನ್ನೇ ನಿಜವೆಂದು ಊರಿಗೆಲ್ಲ ಸಾರಿದಳು. ಆಮೇಲೆ ಅಕ್ಕ ನನ್ನನ್ನು ಕರೆದು, "ನೀನು ದಿನಾ ಬರೀತೀಯಲ್ಲ, ನಾನು ಸೇದಿಲ್ಲ ಅಂತ ಒಂದು ಸಾಲು ಬರೆದಿಡು," ಎಂದಳು. ಬರೆದಿಟ್ಟೆ.

ಇವತ್ತು ಕಿಟಕಿಯಲ್ಲಿದ್ದ ಗುಮಾಸ್ತರು ಕೆಟ್ಟವರಲ್ಲ. ಆಚೀಚೆ ನೋಡಿ ದನಿ ತಗ್ಗಿಸಿದರು. "ಇಪ್ಪತ್ತು ವರ್ಷ ಅಂತ ಬರೆದುಬಿಡಿ ಮೇಡಂ. ಯಾರು ಬಂದು ಮೂಸಿ ನೋಡ್ತಾರೆ? ಹನ್ನೆರಡಕ್ಕೆಲ್ಲ ಸ್ಕ್ಯಾನ್ ಆಗಿಹೋಗತ್ತೆ." ಮುಚ್ಚಿಡುವುದೇಕೆ, ನಾನು ಪೆನ್ನು ತೆಗೆದುಕೊಂಡೆ. ತಂಗಿ ಕಾರು ಓಡಿಸಲು ಕಲಿಸುವವಳು. ಪಕ್ಕದವರು ತಪ್ಪು ದಾರಿಗೆ ತಿರುಗಿಸಿದರೆ ಕೈ ಹಿಡಿದು ಅಭ್ಯಾಸ. ನನ್ನ ಕೈ ಹಿಡಿದಳು.

"ಬೇಡ ಕಣಕ್ಕ. ದೊಡ್ಡಕ್ಕ ಕೊನೇವರೆಗೂ ಇಲ್ಲ ಅಂದ್ಲು. ನಾವೀಗ ಹೌದು ಅಂತ ಬರೆದ್ರೆ ಅತ್ತೆ ಗೆದ್ದಂಗೆ." ಆಮೇಲೆ ಗುಮಾಸ್ತರಿಗೆ, "ಇವತ್ತೇ ಶುರು ಮಾಡ್ತೀನಿ ಸಾರ್. ಇಪ್ಪತ್ತು ವರ್ಷ ಬಿಟ್ಟು ಬರ್ತೀನಿ, ಕಿಟಕಿ ತೆಗೆದಿಟ್ಟಿರಿ," ಎಂದಳು.

ಗುಮಾಸ್ತರ ಮುಂದೆ ರಿಜಿಸ್ಟರು ತೆರೆದಿತ್ತು. ನಡುವಿನ ಹಾಳೆಯಲ್ಲಿ ಹೊಲಿಗೆಯ ದಾರ, ಅದರ ತುದಿಗೆ ಎರಡು ಗಂಟು. ನಮ್ಮ ಅಂಗಡಿಯಲ್ಲಿ ಎರಡು ಗಂಟು ಹಾಕುತ್ತಿದ್ದವಳು ಅಕ್ಕ ಒಬ್ಬಳೇ. ಅವಳು ಹೊಲಿದ ಪುಸ್ತಕದಲ್ಲಿ ಅವಳ ತಂಗಿಯರಿಗೆ ಜಾಗವಿರಲಿಲ್ಲ.

ಇದು ಯಾವ ನ್ಯಾಯ, ಮಾನ್ಯರೇ? ಅಕ್ಕ ನಿಜ ಹೇಳಿದಾಗ ನಂಬುವವರಿರಲಿಲ್ಲ. ನಾವು ಸುಳ್ಳು ಹೇಳಿದರೆ ಮುದ್ರೆ ಒತ್ತಿ ಒಳಗೆ ಬಿಡುತ್ತೀರಿ. ಸೇದಿದವರನ್ನು ಹೊರಗಿಡಿ ಎಂದು ನಾನು ಕೇಳುತ್ತಿಲ್ಲ. ಅವರ ಮನೆಯಲ್ಲೂ ಅಳುವವರಿದ್ದಾರೆ. ನಿಯಮ ಹಾಗಿದೆ ಎನ್ನುತ್ತೀರಿ. ನಿಮ್ಮ ನಿಯಮ ಆಕಾಶದಿಂದ ಉದುರಿದ್ದನ್ನು ನಾನು ಕಂಡಿಲ್ಲ. ಅಚ್ಚಾದ ಹಾಳೆಯಾಗಿ ನಮ್ಮ ಅಂಗಡಿಗೆ ಬಂದದ್ದನ್ನು ಕಂಡಿದ್ದೇನೆ. ಹಾಳೆ ಬದಲಾಯಿಸಬಹುದು.

ಫಾರಂನಲ್ಲಿ ಒಂದು ಕಾಲಂ ಸೇರಿಸಿ: ನಿಮ್ಮ ಮನೆಯಲ್ಲಿ ಈ ಕಾಯಿಲೆ ಯಾರಿಗಿತ್ತು? ಅದು ತುಂಬಿದ್ದರೆ, ಸಿಗರೇಟಿನ ಕಾಲಂ ಖಾಲಿಯಿದ್ದರೂ ಒಳಗೆ ಬಿಡಿ. ಅಚ್ಚು ಹಾಕಿಸಲು ತಡವಾಗುವುದಾದರೆ ನನ್ನ ಹತ್ತಿರ ಸ್ಕೇಲಿದೆ, ಗೆರೆ ನಾನೇ ಎಳೆದು ಕೊಡುತ್ತೇನೆ.

ಇಂತಿ,
ಒಂದೂ ಸಿಗರೇಟು ಸೇದದ ತಪ್ಪಿಗೆ ಅನರ್ಹಳಾದ,
ನಿಮ್ಮ ರಿಜಿಸ್ಟರು ಹೊಲಿಯುವವಳು

ನಾಳೆ ಶುಕ್ರವಾರ. ಕಿಟಕಿ ಒಂಬತ್ತಕ್ಕೆ ತೆರೆಯುತ್ತದೆ. ಸೇದಿದ ವರ್ಷ ಎಂಬಲ್ಲಿ ಸೊನ್ನೆ ಬರೆದ ಎರಡು ಫಾರಂ ಹಿಡಿದು ನಾವು ಎಂಟೂವರೆಗೇ ಬಂದು ನಿಲ್ಲುತ್ತೇವೆ.