ತಲೆ ಬಿಡದೆ ಹೊಡೆದ ಮೊಳೆ

6-1-2025, ಸೋಮವಾರ. ಸಂಜೆ 6
ದೊಡ್ಡೇರಿ ಸೈಟ್. ಕಾಂಕ್ರೀಟ್ ತುಂಬಲು ಹಲಗೆಯ ಸೆಂಟ್ರಿಂಗ್. ಪಿಲ್ಲರ್ ಬಾಕ್ಸ್ ಮುಗಿಯಿತು, ಬೀಮ್ ಹಲಗೆ ಬಾಕಿ. ಜೊತೆ ಕೆಲಸದ ಓಬಳೇಶನಿಗೆ ಮತ್ತೆ ಭುಜ ನೋವು, ಮಧ್ಯಾಹ್ನವೇ ಸುತ್ತಿಗೆ ಕೆಳಗಿಟ್ಟ. ಮನೆ ಓನರ್ ದಿನಕ್ಕೆರಡು ಸಲ ಫೋನ್... ಮೊಳೆ ಹೊಡೆಯುವ ಗನ್ ತರಲೇಬೇಕು. ಬ್ಯಾಟರಿಯದು. ಸೈಟಿನಲ್ಲಿ ಕರೆಂಟ್ ನೆಚ್ಚಿಕೊಂಡು ಕೂತರೆ ಆಯಿತು.

8-1, ಬುಧವಾರ
ಸಿರಾ. ಮುನೀರನ ಟೂಲ್ಸ್ ಅಂಗಡಿ. ಕನ್ನಡಕ ರಿಪೇರಿಗೆಂದು ಕದರಮ್ಮನೂ ಜೊತೆಗೆ ಬಂದಳು. ಕಾಂಕ್ರೀಟ್ ಗಟ್ಟಿಯಾಗಿ ಹಲಗೆ ಬಿಚ್ಚುವ ದಿನ ಮೊಳೆ ಕೀಳುವವಳು ಅವಳೇ, ಇಪ್ಪತ್ತೆರಡು ವರ್ಷದಿಂದ. ಕಿತ್ತ ಮೊಳೆಯನ್ನು ಕಲ್ಲಿನ ಮೇಲಿಟ್ಟು ಎರಡೇ ಏಟಿಗೆ ನೆಟ್ಟಗೆ ಮಾಡುತ್ತಾಳೆ.

ಮುನೀರ್ ಎರಡು ಗನ್ ತೋರಿಸಿದ. ಒಂದು ಭಾರ, ನಿಧಾನ. ಆದರೆ ಮೊಳೆ ಎಷ್ಟು ಇಳಿಯಬೇಕೆಂದು ತಿರುಗಿಸಿಕೊಳ್ಳುವ ಚಕ್ರ ಇದೆ. ಇನ್ನೊಂದು ಹಗುರ. ಟ್ರಿಗರ್ ಹಿಡಿದು ಹಲಗೆಗೆ ಮುಟ್ಟಿಸುತ್ತಾ ಹೋದರೆ ಸಾಕು, ಟಕಟಕ. ಚಕ್ರ ಇಲ್ಲ — ಮೊಳೆ ಪೂರಾ ಒಳಗೆ.

"ಸೆಂಟ್ರಿಂಗ್‌ಗೆ ಚಕ್ರದ್ದೇ ತಗೋ ಭಾಯ್," ಎಂದ ಮುನೀರ್. "ಜಲ್ದಿ ಜಲ್ದಿ ಅಂತ ಹೋಗ್ಬೇಡ."

ಕದರಮ್ಮ ಸ್ಯಾಂಪಲ್ ಹಲಗೆಯನ್ನು ಬೆರಳಲ್ಲಿ ಸವರಿ ನೋಡಿದಳು. "ತಲೆನೇ ಸಿಕ್ಕಲ್ವಲ್ಲ ನಾಯನಾ. ಕೀಳೋದೆಂಗೆ?"

ಕೈಯಲ್ಲಿ ಹೊಡೆಯುವಾಗ ಅಕ್ಕಿಕಾಳಿನಷ್ಟು ತಲೆ ಬಿಟ್ಟೇ ಹೊಡೆಯುತ್ತೇವೆ, ಕೀಳುವವರಿಗೆ ಸಿಗಲಿ ಎಂದು. ನನಗೆ ಗೊತ್ತಿಲ್ಲದ್ದೇ? ಆದರೂ, "ಗನ್ ವಿಷ್ಯ ನಿಂಗ್ಯಾಕಮ್ಮ, ಕನ್ನಡಕ ನೋಡ್ಕೊ ಹೋಗು," ಎಂದುಬಿಟ್ಟೆ. ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ಹಗುರದ್ದನ್ನೇ ತಂದೆ.

11-1
ಭಲೇ ಮಿಷನ್! ಮೂರು ದಿನದ ಕೆಲಸ ಒಂದೂವರೆ ದಿನಕ್ಕೆ. ಓಬಳೇಶ ಗನ್ ಕೆಳಗಿಡಲೊಲ್ಲ. "ಭೀಮಣ್ಣ, ಇದ್ರ ಮುಂದೆ ಸುತ್ತಿಗೆ ಯಾವ ಲೆಕ್ಕ ಕಣಣ್ಣ!"
ಕದರಮ್ಮ ಹಲಗೆಯನ್ನು ಮತ್ತೆ ಬೆರಳಲ್ಲಿ ಸವರಿ ನೋಡಿದಳು.

16-1
ಹಬ್ಬ ಮುಗಿಸಿ ಬಂದು ಕಾಂಕ್ರೀಟ್ ಹಾಕಿದೆವು. ಓನರ್ ಖುಷಿ.

18-1, ಶನಿವಾರ. ಮಧ್ಯಾಹ್ನ 3. ಮಧುಗಿರಿ, ಆಸ್ಪತ್ರೆ ಬೆಂಚು
ಬೀಮಿನ ಪಕ್ಕದ ಹಲಗೆ ಬಿಚ್ಚುತ್ತಿದ್ದೆವು. ಮೊಳೆ ಒಂದೂ ಕೈಗೆ ಸಿಗಲಿಲ್ಲ. "ಹಾರೆ ಹಾಕಿ ಎಬ್ಬು," ಎಂದವನು ನಾನು. ಕದರಮ್ಮ ಡ್ರಮ್ ಮೇಲೆ ನಿಂತು ಮೀಟಿದಳು. ಬರಲಿಲ್ಲ. "ಇನ್ನೂ ಜೋರಾಗಿ" — ಅದೂ ನಾನೇ. ಹಲಗೆ ಒಮ್ಮೆಲೇ ಸೀಳಿತು. ಹಿಂದಕ್ಕೆ ಬಿದ್ದಳು, ಬಲಗೈ ಮೈ ಕೆಳಗೆ.

ಮಣಿಕಟ್ಟು ಎರಡು ಕಡೆ ಮುರಿದಿದೆಯಂತೆ. ಅವಳ ಮಗಳು ಮಂಜಮ್ಮ ಪಾವಗಡದ ಕಡೆಯಿಂದ ಓಡಿ ಬಂದಳು. "ಹೆಂಗಾಯ್ತಣ್ಣ?"
"ಕಾಲು ಜಾರ್ತು ಕಣಮ್ಮ. ವಯಸ್ಸು ನೋಡು..." ಎಂದೆ.
ಕದರಮ್ಮ ಪಕ್ಕದಲ್ಲೇ ಸ್ಟ್ರೆಚರ್ ಮೇಲಿದ್ದಳು. ಕಣ್ಣು ಮುಚ್ಚಿರಲಿಲ್ಲ.

23-1
ಮಗಳು ಕದರಮ್ಮನನ್ನು ತನ್ನೂರು ರಾಯಚರ್ಲಿಗೆ ಕರೆದುಕೊಂಡು ಹೋದಳು. ಕಳಿಸಲು ನಾನು ಬಸ್ ಸ್ಟ್ಯಾಂಡಿಗೆ ಹೋಗಲಿಲ್ಲ. ಕೆಲಸ ಇತ್ತು ಅಂತ ಬರೆಯೋಣವೆಂದುಕೊಂಡೆ. ಇರಲಿಲ್ಲ.

2-3
ಗನ್ ವಾಪಸ್ ಕೊಟ್ಟೆ. ಚಕ್ರದ್ದನ್ನು ತಂದೆ. ಮುನೀರ್ ಬಿಲ್ ಹರಿದು ಕೈಗಿಟ್ಟ. ಯಾಕೆಂದು ಕೇಳಿ ಎರಡು ಬಯ್ದಿದ್ದರೆ ವಾಸಿಯಿತ್ತು.

19-4, ಶನಿವಾರ
ರಾಯಚರ್ಲಿಗೆ ಹೋಗಲೇಬೇಕು. ಮೂರು ತಿಂಗಳಾಯಿತು. ಮಗಳ ಮುಂದೆಯೇ ಹೇಳಿಬಿಡಬೇಕು.

20-4, ಭಾನುವಾರ. ಸಂಜೆ 5, ಪಾವಗಡ ಬಸ್ ಸ್ಟ್ಯಾಂಡ್
ಕದರಮ್ಮ ಜಗಲಿ ಮೇಲೆ ಕೂತಿದ್ದಳು. ಎಡಗೈಯಲ್ಲಿ ಅವರೆಕಾಳು ಆರಿಸುತ್ತಿದ್ದಳು. ಬಲಗೈ ಬೆರಳು ಪೂರಾ ಮಡಚುವುದಿಲ್ಲ. "ಬಾ ನಾಯನಾ, ಊಟ ಮಾಡು," ಎಂದಳು. ಮೊದಲಿನ ಹಾಗೆಯೇ.

ಮಂಜಮ್ಮ ನೀರು ತಂದಳು. "ನಿಮ್ದೇನು ತಪ್ಪಿಲ್ಲ ಬುಡಣ್ಣ. ಅವ್ವನೇ ಹೇಳ್ತು, ನಂದೇ ಕಾಲು ಜಾರಿದ್ದು, ಭೀಮರಾಜು ಹತ್ಬ್ಯಾಡ ಅಂದ್ರೂ ಹತ್ದೆ ಅಂತ."

ಹತ್ತಬೇಡ ಎಂದೆನಂತೆ ನಾನು!

"ಇಲ್ಲ ಮಂಜಮ್ಮ, ಅವತ್ತು ನಾನೇ..." ಎಂದೆ.
"ಸುಮ್ಕಿರು," ಎಂದಳು ಕದರಮ್ಮ. "ಕೆಲ್ಸದೋನು ನೀನು. ಜನಕ್ಕೆ ಗೊತ್ತಾದ್ರೆ ಯಾರು ಕರೀತಾರೆ?"

ಮಂಜಮ್ಮ ನನ್ನ ಮುಖವನ್ನೇ ನೋಡುತ್ತಾ ನಿಂತಿದ್ದಳು. ಒಂದೇ ಮಾತು ಬಾಕಿ ಇತ್ತು. ಅದನ್ನು ನುಂಗಿಕೊಂಡೆ. ಕೊಟ್ಟ ನೀರು ಕುಡಿದೆ. ಊಟವನ್ನೂ ಮಾಡಿದೆ. ಎರಡನೇ ಸಲ ಅನ್ನ ಬಡಿಸುವಾಗ ಕದರಮ್ಮ ಎಡಗೈಯಲ್ಲೇ ಸೌಟು ಹಿಡಿದಿದ್ದಳು; ನಾನು ತಟ್ಟೆ ಮುಂದಕ್ಕೆ ಸರಿಸಿದೆ.