ಕಬ್ಬಿಣಕ್ಕೂ ಕೂಗುವ ಯಂತ್ರ

ಮೂರು ಬೀದಿ ಆಚೆ ಇರುವ ಅಕ್ಕನಿಗೆ,

ನಿನ್ನ ಮನೆಗೆ ನಡೆದು ಬಂದರೆ ಏಳು ನಿಮಿಷ. ಆದರೂ ಅಂಚೆಚೀಟಿ ಹಚ್ಚಿ ಪತ್ರ ಹಾಕುತ್ತಿದ್ದೇನೆ. ಎರಡು ಸಲ ನಿಮ್ಮ ಗೇಟಿನ ತನಕ ಬಂದೆ. ಚಿಲಕಕ್ಕೆ ಕೈ ಹಾಕಿ, ಹಾಗೆಯೇ ತಿರುಗಿ ಮನೆಗೆ ಹೋದೆ. ಮೂವತ್ತೆರಡು ವರ್ಷ ಪತ್ರಿಕೆಯಲ್ಲಿ ಬೇರೆಯವರ ವಾಕ್ಯ ತಿದ್ದಿದ ಪ್ರೂಫ್ ರೀಡರ್‌ಗೆ ಬರೆದು ತೋರಿಸುವುದಷ್ಟೇ ಬರುತ್ತದೆ. ಪೂರ್ತಿ ಓದುತ್ತೀಯೋ, ಅರ್ಧಕ್ಕೆ ಮಡಚಿಡುತ್ತೀಯೋ, ನಿನ್ನ ಇಷ್ಟ.

ನಾನೊಂದು ಮೆಟಲ್ ಡಿಟೆಕ್ಟರ್ ಕೊಂಡಿದ್ದೇನೆ. ಭಾವ ಹೇಳಿಯೇ ಇರುತ್ತಾರೆ. ಒಂದು ಬೆಳಿಗ್ಗೆ ನಾನು ಮೊಣಕಾಲು ನೀರಿನಲ್ಲಿ ನಿಂತು, ಕಿವಿಗೆ ದಪ್ಪ ಹೆಡ್‌ಫೋನ್ ಹಾಕಿಕೊಂಡು ಆ ಕೋಲನ್ನು ಅತ್ತಿತ್ತ ಆಡಿಸುತ್ತಿದ್ದಾಗ ಅವರು ದಂಡೆಯ ಮೇಲೆ ಬಹಳ ಹೊತ್ತು ನೋಡುತ್ತಾ ನಿಂತಿದ್ದರು. ಹೆಡ್‌ಫೋನ್ ತೆಗೆದಾಗ, "ಪೇಪರಿಂದು ಸಾಕಾಗ್ಲಿಲ್ವೇನೋ? ಈಗ ಸಮುದ್ರದ ಪ್ರೂಫೂ ನೋಡೋಕೆ ಶುರು ಮಾಡಿದ್ಯಾ?" ಎಂದರು. ಊರಿನವರ ಪ್ರಕಾರ ದೂರಪ್ಪನಿಗೆ ನಿಧಿಯ ಹುಚ್ಚು ಹಿಡಿದಿದೆ. ದೂರು ಬರೆದು ಬರೆದು ಸಂಪಾದಿಸಿದ ಆ ಅಡ್ಡಹೆಸರು ನನಗೆ ಬೇಸರ ತಂದದ್ದಿಲ್ಲ. ಈಚೆಗೆ ಮಾತ್ರ ಅದನ್ನು ಕೇಳಿದರೆ ತಲೆ ತಗ್ಗುತ್ತದೆ, ಏಕೆಂದರೆ ಬರೆಯಲೇಬೇಕಿದ್ದ ಒಂದು ದೂರನ್ನು ನಾನು ಬರೆಯಲಿಲ್ಲ.

ನಿನಗೆ ಗೊತ್ತಿರುವುದನ್ನೇ ಮತ್ತೆ ಹೇಳುತ್ತೇನೆ, ಸಹಿಸಿಕೊ. ನಮ್ಮ ಕಡಲತೀರವನ್ನು ನೀರು ವರ್ಷವರ್ಷವೂ ತಿನ್ನುತ್ತಾ ಬಂದಾಗ, ಮರಳು ತುಂಬಿಸಿ ಎಂದು ಇಪ್ಪತ್ತು ವರ್ಷ ಪತ್ರಿಕೆಗೆ ಬರೆದವನು ನಾನು. ಪುರಸಭೆಗೆ ನಾಲ್ವರು ಅಧ್ಯಕ್ಷರು ಬಂದು ಹೋದರು. ಅವರಲ್ಲಿ ಯಾರು ಯಾವ ತಿಂಗಳು ಯಾವ ಸುಳ್ಳು ಹೇಳಿದರು ಎಂಬುದು ಇವತ್ತಿಗೂ ನನ್ನ ನಾಲಿಗೆ ತುದಿಯಲ್ಲಿದೆ. ಕೊನೆಗೂ ಪುರಸಭೆ ಮರಳು ತಂದು ಸುರಿಯಿತು. ಹಳೆಯ ಸರಕು ಗೋದಾಮುಗಳನ್ನು ಕೆಡವಿದ್ದೂ ಅದೇ ವರ್ಷ. ಅವುಗಳ ಅಂಗಳದ ಮರಳನ್ನೇ ಲಾರಿಗಳು ನೇರ ಇಲ್ಲಿಗೆ ಹೊತ್ತು ತಂದವು. ಐವತ್ತು ವರ್ಷ ಪೆಟ್ಟಿಗೆಗಳಿಗೆ ಮೊಳೆ ಹೊಡೆದು, ಕಿತ್ತು, ಎಸೆದ ಅಂಗಳ ಅದು. ಅದನ್ನು ನೆನಪಿಟ್ಟುಕೊಳ್ಳಬೇಕಾದವನು ಈ ಊರಿನಲ್ಲಿ ಒಬ್ಬನಿದ್ದರೆ ಅದು ನಾನು. ನಾನೋ "ಹಾಲಿನಂಥ ಮರಳು" ಎಂದು ಹೊಗಳಿ ಪತ್ರ ಬರೆದೆ. ಗೆದ್ದ ಸಂಭ್ರಮ.

ಆ ಮರಳಿನ ಮೇಲೆ ನೀನು ನಿನ್ನ ತರಗತಿ ಮುಂದುವರಿಸಿದೆ. ಆಸ್ಪತ್ರೆಯಿಂದ ನಿವೃತ್ತಳಾದ ಮೇಲೆ, ಮಂಡಿ ನೋವಿನ ಹನ್ನೊಂದು ಹೆಂಗಸರನ್ನು ಸೊಂಟದ ನೀರಿನಲ್ಲಿ ನಡೆಸುತ್ತಿದ್ದ ತರಗತಿ. ಹೆದರುವವರ ಎರಡೂ ಕೈ ಹಿಡಿದು ನೀನು ಹಿಂದೆ ಹಿಂದೆ ಹೆಜ್ಜೆ ಇಡುತ್ತಿದ್ದೆ, ಅವರು ನಿನ್ನ ಮುಖ ನೋಡುತ್ತಾ ಮುಂದೆ ಬರುತ್ತಿದ್ದರು. ಹಾಗಾಗಿಯೇ ಮರಳಿನಲ್ಲಿ ಹೂತಿದ್ದ ಆ ಕಂಬಿ ನಿನ್ನ ಹಿಮ್ಮಡಿಗೆ ಹೊಕ್ಕಿತು. ಏಳು ಹೊಲಿಗೆ. ಕಟ್ಟು ಹಾಕಿದ ಕಾಲನ್ನು ಸ್ಟೂಲಿನ ಮೇಲೆ ಇಟ್ಟುಕೊಂಡು, "ಮರಳಲ್ಲಿ ಕಬ್ಬಿಣ ಇದೆ ಕಣೋ" ಎಂದೆ. ನಾನು, "ಚಿಪ್ಪು ಕೊಯ್ದಿರುತ್ತೆ ಬಿಡಕ್ಕ" ಎಂದೆ. ನಲವತ್ತು ವರ್ಷ ಗಾಯ ತೊಳೆದ ನರ್ಸಿಗೆ ಚಿಪ್ಪಿನ ಗಾಯ ಯಾವುದು, ಕಬ್ಬಿಣದ ಗಾಯ ಯಾವುದು ಎಂದು ಪ್ರೂಫ್ ರೀಡರ್ ಪಾಠ ಹೇಳಿದ.

ಪುರಸಭೆಯ ಸಭೆಯಲ್ಲಿ ನೀನು ಕೋಲೂರಿ ನಿಂತು ದೂರು ಕೊಟ್ಟಾಗ ನಾನು ಮೂರನೇ ಸಾಲಿನಲ್ಲಿ ಕೂತಿದ್ದೆ. ಇಂಜಿನಿಯರ್ ಫೈಲಿನಿಂದ ನನ್ನ ಪತ್ರದ ಕತ್ತರಿಕೆ ತೆಗೆದು ಗಟ್ಟಿಯಾಗಿ ಓದಿದ. "ನಿಮ್ ತಮ್ಮನೋರೇ ಬರ್ದಿದಾರಲ್ಲಮ್ಮ, ಹಾಲಿನಂಥ ಮರಳು ಅಂತ. ಅವ್ರು ಸುಮ್ನೆ ಹೊಗಳೋರಲ್ಲ" ಎಂದ. ಎಲ್ಲರೂ ನಕ್ಕರು. ನೀನು ನನ್ನ ಕಡೆ ತಿರುಗಿ ನೋಡಿದೆ. ನಾನು ಕನ್ನಡಕ ಒರೆಸಿಕೊಂಡೆ. ಹೊರಗೆ ಬಂದ ಮೇಲೆ ನೀನು ಬೈಯಲಿಲ್ಲ. "ನಿನ್ನ ಪೇಪರ್ ತುಂಡು ನನ್ನ ಕಾಲಿಗಿಂತ ದೊಡ್ಡ ಸಾಕ್ಷಿ ಆಯ್ತಲ್ಲೋ" ಎಂದಷ್ಟೇ ಹೇಳಿ ಆಟೋ ಹತ್ತಿದೆ. ಹದಿನಾಲ್ಕು ತಿಂಗಳಾಯಿತು. ತರಗತಿಯೂ ನಿಂತಿತು, ನಮ್ಮ ಮಾತೂ ನಿಂತಿತು.

ನನ್ನನ್ನು ಎಬ್ಬಿಸಿದವಳು ನಿನ್ನ ತರಗತಿಯ ಆ ಟೈಲರಮ್ಮ. ಕಿಟಕಿ ಪರದೆಯ ಅಂಚು ಹೊಲಿದು ತಂದುಕೊಟ್ಟವಳ ಮೊಣಕೈಗೆ ಪಟ್ಟಿ ಸುತ್ತಿತ್ತು. ಏನಾಯಿತೆಂದು ಕೇಳಿದೆ. ಮೇಜು ಹಿಡಿದುಕೊಂಡು ಮನೆಯಲ್ಲೇ ವ್ಯಾಯಾಮ ಮಾಡಹೋಗಿ ಬಿದ್ದಳಂತೆ. "ನೀರಲ್ಲಿ ಬಿದ್ರೆ ಎಲ್ಲರೂ ಸೇರಿ ನಗ್ತಿದ್ವಿ ಸಾರ್. ನೆಲದ ಮೇಲೆ ಬಿದ್ರೆ ನಗೂನೇ ಬರಲ್ಲ" ಎಂದಳು. ಅಷ್ಟೇ. ನನ್ನ ಪತ್ರದ ವಿಷಯ ಎತ್ತಲಿಲ್ಲ. ಎತ್ತಿದ್ದರೆ ನಾನು ವಾದಕ್ಕೆ ಇಳಿದು ಬಚಾವಾಗುತ್ತಿದ್ದೆ.

ಮರಳು ಶೋಧಿಸಿ ಎಂದು ಪುರಸಭೆಗೆ ಹೋದರೆ, ಅದಕ್ಕೆ ತಕ್ಕ ಉಪಕರಣ ತಮ್ಮಲ್ಲಿಲ್ಲ ಎಂದರು. ಮಾಲೆ, ಮೈಕು, ಶಾಮಿಯಾನಕ್ಕೆ ಎಂದೂ ಕೊರತೆಯಾಗದ ಕಚೇರಿ! ಸರಿ, ಉಪಕರಣ ನಾನೇ ತರುತ್ತೇನೆ ಎಂದುಕೊಂಡೆ. ಹಳೆಯ ಸಹೋದ್ಯೋಗಿಯೊಬ್ಬ ತನ್ನ ಹಿತ್ತಿಲಲ್ಲಿ ಪೈಪು ಹುಡುಕಲು ಇಟ್ಟುಕೊಂಡಿದ್ದ ಅಗ್ಗದ ಯಂತ್ರ ಕೊಟ್ಟ. ಒಣ ಮರಳಿನ ಮೇಲೆ ಅದು ಸಭ್ಯ. ಒದ್ದೆ ಮರಳಿಗೆ ಒಯ್ದ ಕೂಡಲೇ ಹಸಿದ ಕೂಸಿನಂತೆ ಒಂದೇ ಸಮ ಅರಚತೊಡಗಿತು. ಅಗೆದಲ್ಲೆಲ್ಲ ಬರೀ ನೀರು. ಆಮೇಲೆ ಓದಿ ತಿಳಿದುಕೊಂಡೆ: ಉಪ್ಪುನೀರಿನಲ್ಲೂ ವಿದ್ಯುತ್ ಹರಿಯುತ್ತದೆ, ಸಾಧಾರಣ ಯಂತ್ರ ಉಪ್ಪನ್ನೇ ಲೋಹವೆಂದು ತಿಳಿಯುತ್ತದೆ. ಅದರ ತುದಿಯ ತಟ್ಟೆ ಮಾತ್ರ ನೀರನ್ನು ತಾಳುತ್ತದೆ, ಮೇಲಿನ ಪೆಟ್ಟಿಗೆಗೆ ಒಂದು ಅಲೆ ಬಡಿದರೆ ಕಥೆ ಮುಗಿಯಿತು. ನಾನು ಎರವಲು ತಂದದ್ದೂ ಹಾಗೆಯೇ ಮುಗಿಯಿತು. ಸಹೋದ್ಯೋಗಿಯ ಮುಖವನ್ನು ನೀನು ನೋಡಬೇಕಿತ್ತು.

ಮೂರು ವಾರ ಓದಿದೆ. ಪೇಟೆಯ ಅಂಗಡಿಗೆ ಹೋದಾಗ, ಅಂಗಡಿಯವನು ತನ್ನಲ್ಲಿದ್ದ ಉತ್ತಮವಾದದ್ದನ್ನು ಪ್ರೀತಿಯಿಂದ ತೆಗೆದಿಟ್ಟ. ಒಟ್ಟಿಗೆ ಹಲವು ಬಗೆಯ ವಿದ್ಯುತ್ ತರಂಗಗಳನ್ನು ಕಳಿಸಿ ಉಪ್ಪನ್ನು ಬೇರೆ ಮಾಡುತ್ತದಂತೆ. ಪರದೆಯ ಮೇಲೆ ಉಂಗುರಕ್ಕೆ ಒಂದು ಅಂಕಿ, ನಾಣ್ಯಕ್ಕೆ ಒಂದು ಅಂಕಿ. ಒಂದು ಗುಂಡಿ ಒತ್ತಿದರೆ ಮೊಳೆ, ತಂತಿ, ಕಂಬಿ ಏನಿದ್ದರೂ ಯಂತ್ರ ಬಾಯಿ ಬಿಡುವುದಿಲ್ಲ. ಅದೇ ಅದರ ಹೆಚ್ಚುಗಾರಿಕೆ. ನಾನು ಮೂಲೆಯಲ್ಲಿದ್ದ ಇನ್ನೊಂದನ್ನು ತೋರಿಸಿದೆ. ಪರದೆಯಿಲ್ಲ, ಅಂಕಿಯಿಲ್ಲ. ನೆಲಕ್ಕೆ ಒಂದೊಂದೇ ಪೆಟ್ಟಿನಂತೆ ವಿದ್ಯುತ್ತು ಕಳಿಸಿ, ತಿರುಗಿ ಬರುವ ಮಾರ್ದನಿಗೆ ಕಿವಿಗೊಡುತ್ತದೆ. ಉಪ್ಪಿಗೆ ತಲೆ ಕೆಡಿಸಿಕೊಳ್ಳುವುದಿಲ್ಲ, ಆಳಕ್ಕೂ ತಲುಪುತ್ತದೆ, ಪೆಟ್ಟಿಗೆ ಸಮೇತ ಮುಳುಗಿಸಬಹುದು. ಆದರೆ ಚಿನ್ನಕ್ಕೂ ಮೊಳೆಗೂ ಒಂದೇ ಕೂಗು.

"ಅದು ಬೇಡ ಸಾರ್, ಕಬ್ಬಿಣಕ್ಕೂ ಕೂಗುತ್ತೆ" ಎಂದ.

"ಕೂಗಲಿ ಅಂತಲೇ ಕೇಳ್ತಿರೋದು" ಎಂದೆ.

ಅವನಿಗೆ ನನ್ನ ಮೇಲೆ ಕನಿಕರ ಬಂತು. "ಸಾರ್, ಎಲ್ಲರೂ ಇಷ್ಟು ದುಡ್ಡು ಕೊಡೋದೇ ಕಬ್ಬಿಣದ ಸದ್ದು ಕೇಳಿಸ್ಬಾರ್ದು ಅಂತ."

ಆ ಮಾತು ನನಗೆ ಎಲ್ಲಿ ನಾಟಿತೆಂದು ಅವನಿಗೆ ತಿಳಿಯಲಿಲ್ಲ. ಮೂಲೆಯದ್ದನ್ನೇ ಕಟ್ಟಿಕೊಡು ಎಂದೆ. ದೊಡ್ಡ ತಟ್ಟೆ ಬೇಗ ಜಾಗ ಮುಗಿಸುತ್ತದೆ ನಿಜ, ಆದರೆ ನೀರಿನೊಳಗೆ ಅದನ್ನು ಎಳೆದಾಡಲು ಈ ವಯಸ್ಸಿನ ತೋಳಿಗೆ ಆಗದು, ಚಿಕ್ಕದು ಸಾಕು ಎಂದು ಅವನೇ ಹೇಳಿದ. ತೂತುಗಳಿರುವ, ಉದ್ದ ಹಿಡಿಯ ಸೌಟಿನಂಥ ಸಲಿಕೆಯನ್ನೂ ಕೊಟ್ಟ. ಹೊರಡುವಾಗ ಇನ್ನೊಂದು ವಿಷಯ ತಿಳಿಸಿದ: ನೆಟ್ಟಗೆ ನಿಂತ ಸಣ್ಣ ಮೊಳೆ ಯಾವ ಯಂತ್ರದಿಂದಲೂ ತಪ್ಪಿಸಿಕೊಳ್ಳಬಹುದು. ಮಾರಾಟ ಮುಗಿದ ಮೇಲೂ ನಿಜ ಹೇಳಿದ ಆ ಮನುಷ್ಯನನ್ನು ಕಂಡು ನನಗೆ ಅಸೂಯೆಯಾಯಿತು.

ಎರಡು ತಿಂಗಳಿಂದ, ನೀರು ಇಳಿದ ಬೆಳಗುಗಳಲ್ಲೆಲ್ಲ ನಾನು ಅಲ್ಲಿದ್ದೇನೆ. ಮೆಟ್ಟಿಲಿನ ಬುಡದಿಂದ ಸೊಂಟದ ನೀರಿನವರೆಗೆ ಹಗ್ಗ ಎಳೆದು, ಸಾಲು ಸಾಲಾಗಿ, ತಟ್ಟೆಯನ್ನು ನೆಲಕ್ಕೆ ಸಮವಾಗಿ ಹಿಡಿದು, ಒಂದು ಸಾಲು ಇನ್ನೊಂದರ ಅಂಚಿನ ಮೇಲೆ ಹಾಯುವಂತೆ. ಭಾವ ಹೇಳಿದ್ದು ಸುಳ್ಳಲ್ಲ, ಇದು ಪ್ರೂಫ್ ನೋಡುವ ಕೆಲಸವೇ. ಚಪ್ಪಟೆ ತಲೆಯ ಮೊಳೆಗಳು, ಪೆಟ್ಟಿಗೆ ಬಿಗಿಯುವ ಪಟ್ಟಿಯ ಚೂರುಗಳು, ತಂತಿ. ನೀರು ಇಳಿದು ಮೊಣಕಾಲ ಮಟ್ಟಕ್ಕೆ ಬಂದಿದ್ದಾಗ, ನಿನ್ನ ತರಗತಿ ನಡೆಯುತ್ತಿದ್ದ ಜಾಗದಲ್ಲೇ, ಒಂದು ಮೊಳ ಉದ್ದದ ಕಂಬಿ ಎರಡು. ಎರಡನೆಯದನ್ನು ಕೀಳುವಷ್ಟರಲ್ಲಿ ಅಲೆ ನನ್ನನ್ನು ಎರಡು ಸಲ ಕೆಡವಿತು. ಕೂತಲ್ಲೇ ನಿನ್ನ ಹಿಮ್ಮಡಿಯನ್ನು ನೆನೆದು ಅತ್ತೆ. ಒದ್ದೆಯಾದ ಮುದುಕ ಅಳುತ್ತಿದ್ದಾನೆಂದು ಯಾರಿಗೂ ಅನುಮಾನ ಬರುವುದಿಲ್ಲ, ಸಮುದ್ರದ ಉಪಕಾರ ಅದು.

ಬಕೆಟ್ ತುಂಬಾ ಕಬ್ಬಿಣವನ್ನು ಇಂಜಿನಿಯರ್ ಮೇಜಿನ ಮೇಲೆ ಇಟ್ಟೆ. "ಇದನ್ನ ಎಲ್ಲಿಂದ ಬೇಕಾದ್ರೂ ತರಬಹುದು" ಎಂದ. ನಿನಗೂ ಅವತ್ತು ಇಂಥದ್ದೇ ಉತ್ತರ ಸಿಕ್ಕಿತ್ತು, ನನಗೇ ಕೇಳಿಸಿಕೊಳ್ಳುವ ಮನಸ್ಸಿರಲಿಲ್ಲ. ನಾನು ಜಗಳವಾಡಲಿಲ್ಲ. ನಾಳೆ ಬೆಳಿಗ್ಗೆ ನಿಮ್ಮ ಚಪ್ಪಲಿ ಬಿಟ್ಟು ನನ್ನ ಜೊತೆ ಹಗ್ಗದ ಆಚೆ, ನಾನಿನ್ನೂ ಶೋಧಿಸದ ಮರಳಿನ ಮೇಲೆ ನಡೆಯಿರಿ ಎಂದೆ. ಬರಲಿಲ್ಲ. ನಾನೂ ಅದನ್ನೇ ನಿರೀಕ್ಷಿಸಿದ್ದೆ.

ಹಗ್ಗದ ಒಳಗೆ ಎಲ್ಲವನ್ನೂ ತೆಗೆದಿದ್ದೇನೆ ಎಂದು ನಾನು ಬರೆಯುವುದಿಲ್ಲ. ಮರಳಿನ ಬಗ್ಗೆ ಒಮ್ಮೆ ಭರವಸೆ ಬರೆದದ್ದು ಸಾಕು. ಮೂರು ಸಲ ಶೋಧಿಸಿದ್ದೇನೆ, ಮೂರನೆಯ ಸಲ ಒಂದೂ ಸಿಗಲಿಲ್ಲ, ಅಷ್ಟೇ. ದಪ್ಪ ಅಡಿಯ ಶೂ ಹಾಕದೆ ಯಾರೂ ಇಳಿಯಬಾರದು. ಅಕ್ಕ ಬಂದರೆ ಮಾತ್ರ ನೀರಿಗೆ ಇಳಿಯುತ್ತೇನೆ ಎನ್ನುತ್ತಾಳೆ ಟೈಲರಮ್ಮ. ನಿನ್ನನ್ನು ಕರೆಯುವ ಹಕ್ಕು ಅವಳಿಗಿದೆ, ನನಗಿಲ್ಲ.

ಇನ್ನು ಈ ಪತ್ರ ಬರೆಯಲು ಕಾರಣವಾದದ್ದು. ನನ್ನ ಹಳೆಯ ಹೊಗಳಿಕೆ ತಪ್ಪೆಂದು ಪತ್ರಿಕೆಗೆ ಬರೆದಿದ್ದೆ. ಕಳೆದ ಗುರುವಾರ ಪ್ರಕಟವಾಯಿತು, ಆರು ಸಾಲು. ಮೊಳೆಗಳ ವಿಷಯ ಇದೆ, ಪುರಸಭೆಯ ವಿಷಯ ಇದೆ. ಕೊನೆಯ ಪ್ಯಾರಾ ಹಾಕಿಲ್ಲ. ಫೋನ್ ಮಾಡಿದರೆ, "ಜಾಗ ಇರಲಿಲ್ಲ ಸಾರ್, ಅದು ವೈಯಕ್ತಿಕ ಬೇರೆ" ಎಂದರು. ಬೇರೆಯವರ ಕೊನೆಯ ಪ್ಯಾರಾಗಳು ಹಾಗೆ ಹೋಗುವುದನ್ನು ಮೂವತ್ತೆರಡು ವರ್ಷ ನೋಡಿದವನು ನಾನು, ಏನು ಹೇಳಲಿ? ಅವರು ಬಿಟ್ಟದ್ದು ಇದು:

"ಮರಳು ತುಂಬಿಸಿದ ತೀರದ ಉದ್ಘಾಟನೆಯ ದಿನ, ಭಾಷಣ ನಡೆಯುತ್ತಿದ್ದಾಗ, ಆ ಮರಳಿನ ಮೊದಲ ಮೊಳೆ ಚುಚ್ಚಿದ್ದು ನನ್ನ ಚಪ್ಪಲಿಗೆ. ಯಾರೂ ನೋಡದಂತೆ ಕಿತ್ತು ಜೇಬಿಗೆ ಹಾಕಿಕೊಂಡು ಚಪ್ಪಾಳೆ ತಟ್ಟಿದೆ. ಮೂರು ದಿನದ ನಂತರ ಕೂತು ಹೊಗಳಿಕೆಯ ಪತ್ರ ಬರೆದೆ. ನನ್ನ ಅಕ್ಕ ಸಭೆಯಲ್ಲಿ ನಿಂತು ನಿಜ ಹೇಳಿದಾಗ, ಅದು ನಿಜವೆಂದು ಅಲ್ಲಿ ಗೊತ್ತಿದ್ದವನು ನಾನು."

ನಿನ್ನ ಹೆಜ್ಜೆ ಬೀಳುವ ಕಡೆಯೆಲ್ಲ ನೆಲ ಮೆತ್ತಗಿರಲಿ, ಅಕ್ಕ. 

ಸುಮ್ಮನಿದ್ದವನು,
ನಿನ್ನ ತಮ್ಮ