ಎಳೆದು ನೋಡುವವನು

ವಿಬುಧೇಂದ್ರ,

ಒಂದು ಗ್ಲೈಡರಿನ ಜೊತೆ ನೀನು ಬಿದ್ದು ತೀರಿಹೋದ ಮೇಲೆ ಉಳಿದಿದ್ದ ಇನ್ನೊಂದನ್ನೂ ಇವತ್ತು ನಾನು ಹಾಳು ಮಾಡಿದೆ. ನಿಮ್ಮ ಅಮ್ಮ ಅದನ್ನು ಒಮ್ಮೆ ಮುಟ್ಟಿ ನೋಡಬೇಕೆಂದಿದ್ದರು. ಜೀಪಿಗೆ ಟ್ರೇಲರ್ ಕಟ್ಟಿ ರಾಯಚೂರಿಗೆ ತರುತ್ತಿದ್ದೆ. ಪೋತ್ನಾಳದ ಹತ್ತಿರ ಬಿರುಗಾಳಿ ಹಿಡಿಯಿತು. ಕನ್ನಡಿಯಲ್ಲಿ ನೋಡಿದರೆ ಹಿಂದೆ ಟ್ರೇಲರೇ ಇರಲಿಲ್ಲ. ಕಳಚಿಕೊಂಡು ಭತ್ತದ ಗದ್ದೆಗೆ ಉರುಳಿತ್ತು. ರೆಕ್ಕೆ ಎರಡು ತುಂಡಾಗಿತ್ತು.

ನಾಟಿ ಬಿಟ್ಟು ಓಡಿಬಂದ ಹೆಂಗಸೊಬ್ಬಳು ಜೀಪಿನ ಹಿಂದೆ ಸರಪಳಿಗೆ ಜೋತಾಡುತ್ತಿದ್ದ ಕೊಂಡಿಯ ಪಿನ್ನು ನೋಡಿದಳು. “ಇದು ಪೂರಾ ಕುಂತಿದ್ದಿಲ್ಲ ಯಪ್ಪಾ. ಯಾರೂ ಎಳದು ನೋಡಿಲ್ಲೇನ್ರೀ?”

ನಮ್ಮಿಬ್ಬರ ನಿಯಮ ಅದೇ ತಾನೆ: ಒಬ್ಬ ಪಿನ್ನು ಹಾಕಬೇಕು, ಇನ್ನೊಬ್ಬ ಎಳೆದು ನೋಡಿ “ಕುಂತದ” ಅನ್ನಬೇಕು. ಟ್ರೇಲರಿಗೂ ಅದೇ, ಗ್ಲೈಡರಿನ ರೆಕ್ಕೆಗೂ ಅದೇ. ಹೊರಡುವಾಗ ನಾನು ಪಿನ್ನು ಹಾಕಿ, ರೂಢಿಯಂತೆ ನಿನ್ನ ದನಿಗಾಗಿ ಕಾದೆ. ಮಳೆ ಬರುವ ಹಾಗಿತ್ತು. ಹೊರಟುಬಿಟ್ಟೆ.

ನೀನು ಕೊನೆಯ ಸಲ ಹಾರಿದ ದಿನವೂ ಹೀಗೇ ಮೋಡ ಕಟ್ಟಿತ್ತು. ಅವತ್ತು ರೆಕ್ಕೆಗೆ ಪಿನ್ನು ಹಾಕಿದವನು ನೀನು.

“ಕುಂತದೇನು, ಸುಮಂತ?” ಎಂದು ನೀನು ನನ್ನನ್ನು ಕೇಳಿದೆ.

ನಾನು ಮೋಡ ನೋಡುತ್ತಲೇ “ಕುಂತದ” ಎಂದೆ.